ದಂಡ ಬಿದ್ದರೆ ನಮಗೂ ತಿಳಿಯಲಿ: ಸ್ಪರ್ಧಾ ಆಯೋಗಕ್ಕೆ ಗದಗಿನಿಂದ ಒಂದು ಬಹಿರಂಗ ಪತ್ರ

ಅಧ್ಯಕ್ಷರು ಮತ್ತು ಸದಸ್ಯರು,
ಭಾರತೀಯ ಸ್ಪರ್ಧಾ ಆಯೋಗ,
ಹೊಸದಿಲ್ಲಿ

ಮಾನ್ಯರೇ, ನಮಸ್ಕಾರ.

ನಾನು ಗದಗ-ಬೆಟಗೇರಿಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತೇನೆ. ಸಿಮೆಂಟ್, ಕಬ್ಬಿಣ, ಪೈಪು, ಬಣ್ಣ ಮಾರುತ್ತೇನೆ. ಕಂಪನಿಗಳು ಒಳಗೊಳಗೇ ಸೇರಿಕೊಂಡು ಬೆಲೆ ಏರಿಸಿದರೆ ವಿಚಾರಣೆ ಮಾಡಿ ದಂಡ ಹಾಕುವುದು ನಿಮ್ಮ ಕೆಲಸ. ಆದರೂ ನನ್ನ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ನಿಮ್ಮ ಆಯೋಗದ ಹೆಸರೇ ಗೊತ್ತಿಲ್ಲ. ಆದರೆ ನೀವು ಕೊಟ್ಟ ಅತಿ ದೊಡ್ಡ ಆದೇಶಗಳಲ್ಲಿ ಒಂದು ಅವರ ಮನೆಯ ಗೋಡೆಗೇ ಸಂಬಂಧಪಟ್ಟದ್ದು. ಅದಕ್ಕೇ ಈ ಪತ್ರ. ನಿಮಗಷ್ಟೇ ಬರೆದು ಸುಮ್ಮನಾಗಬಹುದಿತ್ತು. ಕನ್ನಡ ಓದುವವರೂ ಇದನ್ನು ಓದಬೇಕು ಅನ್ನಿಸಿತು.

2010ರ ಜುಲೈನಲ್ಲಿ ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ನಿಮಗೆ ದೂರು ಕೊಟ್ಟಿತು. ಸಿಮೆಂಟ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸುತ್ತಿವೆ ಎಂಬುದು ದೂರು. 2012ರ ಜೂನ್‌ನಲ್ಲಿ ನೀವು ದೊಡ್ಡ ಸಿಮೆಂಟ್ ಕಂಪನಿಗಳಿಗೂ ಅವುಗಳ ಸಂಘಕ್ಕೂ ಸೇರಿ 6 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದಿರಿ. ಸಂಘದ ಸಭೆ ನಡೆದ ಮೇಲೆ ಬೆಲೆ ಏರಿದ್ದನ್ನು, ಕಾರ್ಖಾನೆಗಳು ತಮ್ಮ ಶಕ್ತಿಗಿಂತ ಕಡಿಮೆ ಸಿಮೆಂಟ್ ತಯಾರಿಸಿದ್ದನ್ನು ಎತ್ತಿ ತೋರಿಸಿದಿರಿ. 2015ರ ಡಿಸೆಂಬರ್‌ನಲ್ಲಿ ಆಗಿನ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದು ಮಾಡಿತು. ವಿಚಾರಣೆಯಲ್ಲಿ ಕೂತಿರದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ್ದರು ಎಂಬುದು ಕಾರಣ. ಮತ್ತೆ ಮೊದಲಿಂದ ಕೇಳಿ ಎಂದಿತು. 2016ರ ಆಗಸ್ಟ್‌ನಲ್ಲಿ ನೀವು ಮತ್ತೆ ದಂಡ ಹಾಕಿದಿರಿ. 2018ರ ಜುಲೈನಲ್ಲಿ ಈಗ ಇಂಥ ಮೇಲ್ಮನವಿ ಕೇಳುವ ನ್ಯಾಯಮಂಡಳಿಯಾದ ಎನ್‌ಸಿಎಲ್‌ಎಟಿ ಅದನ್ನು ಎತ್ತಿ ಹಿಡಿಯಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಗಳ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಂಡಿತು. ದಂಡದ ಶೇ 10ರಷ್ಟು ಠೇವಣಿ ಇಟ್ಟರೆ ಉಳಿದದ್ದಕ್ಕೆ ತಡೆ ಎಂದಿತು.

ಕಂಪನಿಗಳಿಗೆ ಮೇಲ್ಮನವಿ ಹೋಗುವ ಹಕ್ಕಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಕಥೆಯನ್ನು ಕೌಂಟರಿನ ಈ ಕಡೆ ನಿಂತು ನೋಡಿ. 2010ರಲ್ಲಿ ನರಗುಂದದ ಕಡೆಯ ಒಬ್ಬ ರೈತ ಎರಡು ಖೋಲಿ ಮನೆ ಕಟ್ಟಿಸಿದ ಅಂತಿಟ್ಟುಕೊಳ್ಳಿ. ಚೀಲಕ್ಕೆ ಇಷ್ಟು ಜಾಸ್ತಿ ಕೊಟ್ಟೆ ಅಂತ ಅವನಿಗೆ ಅವತ್ತೂ ಗೊತ್ತಾಗಲಿಲ್ಲ. ದಂಡ ಬಿದ್ದಾಗಲೂ ಗೊತ್ತಾಗಲಿಲ್ಲ. ದಂಡ ರದ್ದಾದಾಗ, ಮತ್ತೆ ಬಿದ್ದಾಗ, ತಡೆ ಸಿಕ್ಕಾಗಲೂ ಗೊತ್ತಾಗಲಿಲ್ಲ. ಇಷ್ಟೆಲ್ಲ ನಡೆದದ್ದು ಅವನ ಹೆಸರಿನಲ್ಲೇ ಅಲ್ವಾ?

ಇಂಥ ಕಂಪನಿಗಳಿಗೆ ಶಿಕ್ಷೆ ಆಗಬೇಕು ಅಂತ ನಮ್ಮ ಜನ ಬೀದಿಗೆ ಇಳಿದಿಲ್ಲ, ನಿಜ. ಅದನ್ನು ನೋಡಿ ಜನಕ್ಕೆ ಇದರ ಬಗ್ಗೆ ಕಾಳಜಿ ಇಲ್ಲ ಅಂತ ದಿಲ್ಲಿಯಲ್ಲಿ ಯಾರಾದರೂ ತಿಳಿದುಕೊಂಡರೆ ಅದು ತಪ್ಪು. ಅಂಗಡಿಯಲ್ಲಿ ನಾನು ದಿನಾ ಕೇಳುವ ಮಾತು ಬೇರೆಯೇ ಇದೆ. ಜನಕ್ಕೆ ಶಿಕ್ಷೆ ಬೇಕು. ಶಿಕ್ಷೆ ನಿಜವಾಗಿ ಆಗುತ್ತದೆ ಅನ್ನುವ ನಂಬಿಕೆ ಮಾತ್ರ ಇಲ್ಲ.

ರೇಟು ಏರಿದ ದಿನ ಮೇಸ್ತ್ರಿಗಳು ಬಂದು ಕೇಳುತ್ತಾರೆ. “ಅಣ್ಣಾರ, ನಿನ್ನೆ ಒಂದ್ ರೇಟ್ ಇತ್ತು, ಇವತ್ತ ಒಂದ್ ರೇಟ್ ಹೇಳ್ತೀರಿ. ಹಂಗಾರ ಬ್ಯಾರೆ ಕಂಪನೀದು ಕೊಡ್ರಿ.” ಬೇರೆ ಕಂಪನಿಯದೂ ಅಷ್ಟೇ ಏರಿದೆ ಅಂತ ನಾನು ಹೇಳುತ್ತೇನೆ. “ಎಲ್ಲಾರೂ ಕೂಡೇ ಮಾಡಿರ್ತಾರ ಬಿಡ್ರಿ” ಅನ್ನುತ್ತಾರೆ, ಚೀಲ ಹೊರಿಸಿಕೊಂಡು ಹೋಗುತ್ತಾರೆ. ಒಂದೇ ದಿನ ಎಲ್ಲ ಕಂಪನಿಗಳ ಬೆಲೆ ಏರಿದ ಮಾತ್ರಕ್ಕೆ ಅದು ಒಳ ಒಪ್ಪಂದ ಆಗುವುದಿಲ್ಲ. ಕಲ್ಲಿದ್ದಲು, ಡೀಸೆಲ್ ಬೆಲೆ ಏರಿದರೆ ಎಲ್ಲರಿಗೂ ಖರ್ಚು ಏರುತ್ತದೆ. ಒಬ್ಬರು ಏರಿಸಿದ್ದನ್ನು ನೋಡಿ ಇನ್ನೊಬ್ಬರು ಏರಿಸುವುದೂ ಉಂಟು. ಕೂತು ಮಾತಾಡಿಕೊಂಡದ್ದಕ್ಕೆ ಪುರಾವೆ ಬೇಕು, ಅದನ್ನು ಹುಡುಕುವುದು ಕಷ್ಟ. ಇದು ನನಗೆ ಅರ್ಥವಾಗುತ್ತದೆ. ನನ್ನನ್ನು ಕಾಡುವುದು ಆ ಮೇಸ್ತ್ರಿಯ ‘ಬಿಡ್ರಿ’ ಅನ್ನುವ ಮಾತು. ಮೋಸ ನಡೆದಿದೆ ಎಂದು ಅವನು ನಂಬಿದ್ದಾನೆ. ಕೇಳುವವರು ಯಾರೂ ಇಲ್ಲ ಎಂದೂ ನಂಬಿದ್ದಾನೆ.

ಇದೇ ಮನುಷ್ಯ ತೂಕದಲ್ಲಿ ಮೋಸವಾದರೆ ಬಿಡುವುದಿಲ್ಲ. ಐವತ್ತು ಕಿಲೋ ಚೀಲದಲ್ಲಿ ಎರಡು ಕಿಲೋ ಕಡಿಮೆ ಬಂದರೆ ನನ್ನ ಅಂಗಡಿ ಮುಂದೆ ಜಗಳ ನಿಲ್ಲುತ್ತದೆ, ನಿಲ್ಲಬೇಕು ಕೂಡ. ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕು ಅಂತ ಎಲ್ಲರಿಗೂ ಗೊತ್ತು. ಸೇರಿಕೊಂಡು ಬೆಲೆ ಏರಿಸಿದರೂ ನಷ್ಟ ಅದೇ. ಚೀಲದ ತೂಕ ಸರಿ ಇರುತ್ತದೆ, ಜೇಬು ಹಗುರವಾಗುತ್ತದೆ. ಆದರೆ ಈ ಮೋಸ ಕಣ್ಣಿಗೆ ಕಾಣುವುದಿಲ್ಲ, ಎದುರಿಗೆ ಒಬ್ಬ ಮೋಸಗಾರನೂ ನಿಂತಿರುವುದಿಲ್ಲ. ಹಾಗಾಗಿ ಸಿಟ್ಟು ಯಾರ ಮೇಲೆ ತಿರುಗಬೇಕೋ ಅವರ ಮೇಲೆ ತಿರುಗುವುದಿಲ್ಲ. ಹತ್ತಿರ ಇರುವವರ ಮೇಲೆ ಬೀಳುತ್ತದೆ.

ಇದಕ್ಕೆ ಗೊಬ್ಬರದ ‘ಲಿಂಕ್’ ನೋಡಿ. ನಮ್ಮ ಗದಗ, ಹಾವೇರಿ, ಧಾರವಾಡದ ಯಾವ ರೈತನನ್ನು ಕೇಳಿದರೂ ಈ ಮಾತು ಗೊತ್ತು. ಮಳೆ ಬಿದ್ದು ಗೋವಿನಜೋಳಕ್ಕೆ ಯೂರಿಯಾ ಹಾಕಬೇಕಾದ ಹೊತ್ತಿನಲ್ಲಿ ಅಂಗಡಿಗೆ ಹೋದರೆ, ಚೀಲದ ಜೊತೆ ಬೇಡವಾದ ಇನ್ನೊಂದನ್ನು ಕೊಳ್ಳಬೇಕು. ನ್ಯಾನೋ ಯೂರಿಯಾ ಬಾಟಲಿಯೋ, ಯಾವುದೋ ಪೋಷಕಾಂಶದ ಪಾಕೀಟೋ. ಯೂರಿಯಾ ಚೀಲಕ್ಕೆ ₹266.50. ಅದರ ಜೊತೆ ತಗಲಿಸುವ ಒಂದು ಬಾಟಲಿಗೆ ಹೆಚ್ಚು ಕಡಿಮೆ ಅಷ್ಟೇ ದುಡ್ಡು. 2025ರ ಮುಂಗಾರಿನಲ್ಲಿ ಯೂರಿಯಾ ಕೊರತೆ ಬಿದ್ದು ಜನ ಬೆಳಗಿನ ಜಾವದಿಂದ ಸಾಲುಗಟ್ಟಿ ನಿಂತಾಗ ಸಿಟ್ಟೆಲ್ಲ ಅಂಗಡಿಯವನ ಮೇಲೆ, ಸೊಸೈಟಿಯ ಸೆಕ್ರೆಟರಿ ಮೇಲೆ, ಕೃಷಿ ಇಲಾಖೆಯವರ ಮೇಲೆ ಹೋಯಿತು. ಮೇಲಿಂದಲೇ ಲಿಂಕ್ ಹಾಕಿ ಕಳಿಸುತ್ತಾರೆ, ನಾವೇನು ಮಾಡೋಣ ಅಂತ ಗೊಬ್ಬರದ ವ್ಯಾಪಾರಿಗಳು ಹೇಳುತ್ತಾರೆ. ಹೀಗೆ ತಗಲಿಸಿ ಮಾರಬಾರದು ಅಂತ ಕೇಂದ್ರ ಸರ್ಕಾರವೇ ಮತ್ತೆ ಮತ್ತೆ ಹೇಳಿದೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂನಲ್ಲಿ ಒಂದು ಮಾಲಿನ ಜೊತೆ ಇನ್ನೊಂದನ್ನು ಕಟ್ಟಿ ಮಾರುವುದರ ಹೆಸರು ಹಿಡಿದೇ ಬರೆದಿದೆ. ಅದರಿಂದ ಪೈಪೋಟಿಗೆ ಪೆಟ್ಟು ಬಿದ್ದರೆ ಅದು ತಪ್ಪು. ಸಾಲಿನಲ್ಲಿ ನಿಂತ ಯಾವ ರೈತನಿಗೂ ಇದನ್ನು ಯಾರೂ ಹೇಳಿಲ್ಲ. ತನ್ನ ಸಿಟ್ಟಿಗೆ ಕಾನೂನಿನಲ್ಲಿ ಒಂದು ಜಾಗ ಇದೆ ಅಂತ ಅವನಿಗೆ ಗೊತ್ತಿದ್ದರೆ ಅವನು ಅಂಗಡಿಯವನ ಕೊರಳಪಟ್ಟಿ ಹಿಡಿಯುತ್ತಿದ್ದನೇ?

ಸಿಟ್ಟಿಗೆ ದಾರಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಬ್ಯಾಡಗಿಯಲ್ಲಿ ನೋಡಿದ್ದೇವೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿಯಿತು ಅಂತ ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಅಲ್ಲಿ ಖರೀದಿದಾರರು ಒಳ ಒಪ್ಪಂದ ಮಾಡಿಕೊಂಡಿದ್ದರು ಅಂತ ನಾನು ಹೇಳುತ್ತಿಲ್ಲ. ಆವಕ ಜಾಸ್ತಿಯಾದಾಗ ಬೆಲೆ ಬೀಳುವುದು ಬ್ಯಾಡಗಿಗೆ ಹೊಸದಲ್ಲ. ಆದರೆ ಅವತ್ತು ಯಾರ್ಡಿನಲ್ಲಿ ನಿಂತ ರೈತನಿಗೆ ಅನುಮಾನ ಬಂದರೆ ಅದನ್ನು ಯಾರ ಮುಂದೆ ಇಡಬೇಕಿತ್ತು? ಯಾರು ಬಂದು ದಾಖಲೆ ನೋಡಿ ಹೌದು ಅಥವಾ ಅಲ್ಲ ಅಂತ ಹೇಳುತ್ತಿದ್ದರು? ಬೆಂಕಿ ಹಚ್ಚಿದವರನ್ನು ಪೊಲೀಸರು ಹಿಡಿದರು, ಅದು ಸರಿಯೇ. ಅನುಮಾನ ಮಾತ್ರ ಇವತ್ತಿಗೂ ಹಾಗೇ ಉಳಿದಿದೆ.

ಇನ್ನು ದಂಡದ ವಿಷಯಕ್ಕೆ ಬರುತ್ತೇನೆ. ನಾನು ಸಿಮೆಂಟ್ ಕೇಸಿನ ಮಾತು ತೆಗೆದಾಗಲೆಲ್ಲ ಒಂದೇ ಉತ್ತರ ಬರುತ್ತದೆ. “ದಂಡ ಹಾಕಿದ್ರ ಅದನ್ನೂ ನಮ್ಮ ಮ್ಯಾಲೇ ಹಾಕ್ತಾರ್ರೀ.” ಓದಿದವರೂ ಹೇಳುತ್ತಾರೆ, ಓದದವರೂ ಹೇಳುತ್ತಾರೆ. ಕಂಪನಿಗಳಿಗೆ ಶಿಕ್ಷೆ ಬೇಕೆಂದು ಜನ ಗಟ್ಟಿಯಾಗಿ ಕೇಳದಿರುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ನನ್ನ ವ್ಯಾಪಾರದ ಅನುಭವದಿಂದ ಹೇಳುತ್ತೇನೆ, ಈ ಭಯ ಅರ್ಧ ಮಾತ್ರ ನಿಜ. ಚೀಲಕ್ಕೆ ಇನ್ನೂ ಹತ್ತು ರೂಪಾಯಿ ಏರಿಸಿ ಮಾರಲು ಆಗುವಂತಿದ್ದರೆ ಕಂಪನಿ ದಂಡ ಬೀಳಲಿ ಅಂತ ಕಾಯುತ್ತಿತ್ತೇ? ನಿನ್ನೆಯೇ ಏರಿಸುತ್ತಿತ್ತು. ದಂಡ ಹಿಂದಿನ ಲಾಭದ ಮೇಲೆ ಬೀಳುವ ಹೊರೆ. ನಾಳೆ ತಯಾರಾಗುವ ಚೀಲದ ಖರ್ಚು ಅದರಿಂದ ಏರುವುದಿಲ್ಲ. ಪೈಪೋಟಿ ನಿಜವಾಗಿ ಇದ್ದರೆ, ದಂಡ ಕಟ್ಟಿದ ಕಂಪನಿ ಬೆಲೆ ಏರಿಸಿದ ದಿನವೇ ನನ್ನ ಗಿರಾಕಿ ಪಕ್ಕದ ಬ್ರ್ಯಾಂಡ್ ಕೇಳುತ್ತಾನೆ. ಜನರ ಭಯ ಪೂರ್ತಿ ನಿಜವಾಗುವುದು ಎಲ್ಲ ಕಂಪನಿಗಳೂ ದಂಡದ ನಂತರವೂ ಹಳೆಯ ಹಾಗೇ ಸೇರಿಕೊಂಡಿದ್ದಾಗ. ಆದ್ದರಿಂದ ದಂಡ ಹಾಕಿ ಕಡತ ಮುಚ್ಚಬೇಡಿ. ಆದೇಶದ ನಂತರ ಆ ಮಾಲಿನ ಬೆಲೆ ಊರೂರಿನಲ್ಲಿ ಏನಾಯಿತು ಅಂತ ಎರಡು ಮೂರು ವರ್ಷ ನೋಡಿ, ಅದನ್ನು ಪ್ರಕಟಿಸಿ. ನನ್ನಂಥ ಅಂಗಡಿಯವರ ಹತ್ತಿರ ಬೆಲೆಯ ಲೆಕ್ಕ ಇದ್ದೇ ಇರುತ್ತದೆ. ಕೇಳಿದರೆ ಕೊಡುತ್ತೇವೆ.

ಜನರ ಅಪನಂಬಿಕೆಗೆ ಇನ್ನೊಂದು ಕಾರಣ ಇದೆ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ದಂಡದ ಹಣ ಎಲ್ಲಿಗೆ ಹೋಗುತ್ತದೆ? ಕಾಯ್ದೆಯ 47ನೇ ಕಲಂ ಪ್ರಕಾರ ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ. ನಷ್ಟ ಆದದ್ದು ಮನೆ ಕಟ್ಟಿಸಿದವನಿಗೆ, ಹಣ ಬಂದದ್ದು ಸರ್ಕಾರಕ್ಕೆ. ಅದೂ ಬಂದರೆ. 2025ರಲ್ಲಿ ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯ ವರದಿಯಲ್ಲಿ ಲೆಕ್ಕ ಇದೆ. ನಿಮ್ಮ ಆಯೋಗ ಹಾಕಿದ ದಂಡ ಒಟ್ಟು 20 ಸಾವಿರ ಕೋಟಿಗೂ ಜಾಸ್ತಿ. ಕೈಗೆ ಬಂದದ್ದು 2 ಸಾವಿರ ಕೋಟಿಗಿಂತ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನದಕ್ಕೆ ಮೇಲಿನ ಕೋರ್ಟುಗಳಲ್ಲಿ ತಡೆ ಸಿಕ್ಕಿದೆ ಅಥವಾ ಅದು ರದ್ದಾಗಿದೆ. ಪೇಪರಿನಲ್ಲಿ ‘ಸಾವಿರಾರು ಕೋಟಿ ದಂಡ’ ಅಂತ ಓದಿದವರಿಗೆ ಮುಂದೆ ಏನಾಯಿತು ಅಂತ ಯಾರೂ ತಿಳಿಸುವುದಿಲ್ಲ. ಏನೂ ಆಗಲಿಲ್ಲ ಅಂತ ಅವರೇ ತಿಳಿದುಕೊಳ್ಳುತ್ತಾರೆ.

ನಷ್ಟ ವಾಪಸ್ ಕೇಳುವ ದಾರಿ ಕಾನೂನಿನಲ್ಲಿ ಇದೆ. 53ಎನ್ ಕಲಂ ಪ್ರಕಾರ, ಕಂಪನಿ ತಪ್ಪು ಮಾಡಿದೆ ಅಂತ ತೀರ್ಮಾನವಾದ ಮೇಲೆ, ನಷ್ಟವಾದವರು ಎನ್‌ಸಿಎಲ್‌ಎಟಿಗೆ ಹೋಗಿ ಪರಿಹಾರ ಕೇಳಬಹುದು. ಒಬ್ಬರು ಹಲವರ ಪರವಾಗಿಯೂ ಕೇಳಬಹುದು. ಆದರೆ ಗದಗಿನಲ್ಲಿ ಇಪ್ಪತ್ತು ಚೀಲ ಸಿಮೆಂಟ್ ತಗೊಂಡವರು ದಿಲ್ಲಿಗೆ ಹೋಗಿ ವಕೀಲರನ್ನು ಹಿಡಿದು ಏನು ತೋರಿಸಬೇಕು? ನಮ್ಮ ಕಡೆ ಮನೆ ಕಟ್ಟುವ ಬಹಳ ಜನರ ಹತ್ತಿರ ಪಕ್ಕಾ ಬಿಲ್ಲೇ ಇರುವುದಿಲ್ಲ. ಮೇಸ್ತ್ರಿಯೇ ತಂದಿರುತ್ತಾನೆ, ಚೀಟಿಯಲ್ಲಿ ಲೆಕ್ಕ ಬರೆದಿರುತ್ತಾನೆ, ಮನೆಶಾಂತಿ ಆಗುವಷ್ಟರಲ್ಲಿ ಚೀಟಿ ಹೋಗಿರುತ್ತದೆ. ಎಂಟು ಹತ್ತು ವರ್ಷದ ನಂತರ ತೀರ್ಮಾನ ಬಂದರೆ ಬಿಲ್ಲು ಜೋಪಾನ ಮಾಡಿದವರ ಹತ್ತಿರವೂ ಅಕ್ಷರ ಅಳಿಸಿರುತ್ತದೆ. ಒಬ್ಬೊಬ್ಬರೇ ಸಾಬೀತು ಮಾಡಿ ಹಣ ಪಡೆಯುವುದು ಸಾಮಾನ್ಯ ಜನರಿಗೆ ಸಾಧ್ಯವಿಲ್ಲ. ಸಂಘವಾಗಿ ಕೇಳಿದರೆ ಸಾಧ್ಯ. ನಮ್ಮ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸೇರಿ ಕೆಲಸ ಮಾಡುವುದು ಈ ಮಣ್ಣಿಗೆ ಹೊಸದಲ್ಲ. ಸಹಕಾರಿ ಸಂಘಗಳು, ಗ್ರಾಹಕರ ಸಂಘಗಳು ಸದಸ್ಯರ ಪರವಾಗಿ ಪರಿಹಾರ ಕೇಳುವುದು ಹೇಗೆ ಎಂದು ನೀವು ಸರಳವಾಗಿ ಬರೆದು ಕೊಡಿ. ಹಣವನ್ನು ಒಬ್ಬೊಬ್ಬರಿಗೆ ಹಂಚಲು ಆಗದಿದ್ದರೆ ಅದರಲ್ಲಿ ಒಂದು ಪಾಲು ನಷ್ಟವಾದ ಜಿಲ್ಲೆಗಳ ಬಡವರ ಮನೆ ಕಟ್ಟುವ ಯೋಜನೆಗೆ ಬರಲಿ. ಇದಕ್ಕೆ ಕಾನೂನು ತಿದ್ದಬೇಕು, ಅದು ನಿಮ್ಮ ಕೈಯಲ್ಲಿಲ್ಲ. ಆದರೆ ಸರ್ಕಾರಕ್ಕೆ ನೀವು ಹೇಳಿದರೆ ತೂಕ ಬರುತ್ತದೆ. ಧಾರವಾಡ, ಹಾವೇರಿ-ಗದಗ ಕ್ಷೇತ್ರಗಳ ಸಂಸದರಿಗೂ ಇದೇ ಪತ್ರ ಕಳಿಸುತ್ತಿದ್ದೇನೆ.

ಜೈಲು ಬೇಡವೇ ಅಂತ ಕೇಳುವವರಿದ್ದಾರೆ, ಹೆಚ್ಚಾಗಿ ಹುಡುಗರು. ಅಮೆರಿಕದಲ್ಲಿ ಬೆಲೆ ಕೂಡಿ ನಿಗದಿ ಮಾಡಿದ ಅಧಿಕಾರಿಗಳು ಜೈಲಿಗೆ ಹೋಗಿದ್ದಾರೆ. ಬ್ರಿಟನ್ 2002ರಲ್ಲಿ ಕಾನೂನು ಮಾಡಿ ಐದು ವರ್ಷದವರೆಗೆ ಜೈಲು ಎಂದಿತು. ಆದರೆ ಅಲ್ಲೇ 2007ರಲ್ಲಿ ಆಂಡ್ರಿಯಾಸ್ ಸ್ಟೀಫನ್ ಎಂಬ ಸಂಶೋಧಕರು ಜನರನ್ನು ಕೇಳಿದಾಗ, ಬೆಲೆ ಕೂಡಿ ನಿಗದಿ ಮಾಡುವುದು ತಪ್ಪು ಅಂದವರು ಬಹಳ ಇದ್ದರು, ಜೈಲು ಬೇಕು ಅಂದವರು ಹತ್ತರಲ್ಲಿ ಒಬ್ಬರಷ್ಟೇ. ನಮ್ಮ ಕಾಯ್ದೆಯಲ್ಲಿ ಈ ತಪ್ಪಿಗೆ ಜೈಲಿಲ್ಲ. ನಿಮ್ಮ ಆದೇಶ ಮೀರಿದರೆ ಮಾತ್ರ ಜೈಲಿನ ಮಾತು ಬರುತ್ತದೆ. ನನ್ನ ಮಟ್ಟಿಗೆ ಜೈಲು ಮೊದಲ ಬೇಡಿಕೆಯಲ್ಲ. ಜೈಲು ಅಂದ ಕೂಡಲೇ ಪುರಾವೆ ಇನ್ನೂ ಗಟ್ಟಿ ಬೇಕಾಗುತ್ತದೆ, ಕೇಸು ಇನ್ನೂ ಎಳೆಯುತ್ತದೆ. 48ನೇ ಕಲಂನಲ್ಲಿ ಕಂಪನಿ ನಡೆಸುವವರಿಗೂ ವೈಯಕ್ತಿಕವಾಗಿ ದಂಡ ಹಾಕಲು ಅವಕಾಶವಿದೆ. ಅದನ್ನು ತಪ್ಪದೆ ಬಳಸಿ. ಸಭೆಯಲ್ಲಿ ಕೂತು ಬೆಲೆ ಒಪ್ಪಿಕೊಂಡ ಮನುಷ್ಯ ತನ್ನ ಸಂಬಳದಿಂದ ಕಟ್ಟುವ ಹಾಗಾದರೆ ಮುಂದಿನ ಸಭೆಗೆ ಹೋಗುವ ಮುಂಚೆ ಯೋಚನೆ ಮಾಡುತ್ತಾನೆ.

ಗುಟ್ಟು ಬಿಟ್ಟುಕೊಟ್ಟ ಕಂಪನಿಗೆ ದಂಡ ಮಾಫಿ ಮಾಡುವುದನ್ನೂ ಜನರಿಗೆ ವಿವರಿಸಬೇಕು. 2018ರಲ್ಲಿ ಡ್ರೈ ಸೆಲ್ ಬ್ಯಾಟರಿ ಕೇಸಿನಲ್ಲಿ ಹೀಗೆ ಆಯಿತು. ಎವರೆಡಿ, ನಿಪ್ಪೋ, ಪ್ಯಾನಸೋನಿಕ್ ಸೇರಿ ಬೆಲೆ ನಿಗದಿ ಮಾಡುತ್ತಿದ್ದವು ಎಂದು ನೀವು ತೀರ್ಮಾನಿಸಿದಿರಿ. ಎವರೆಡಿಗೆ ₹171.55 ಕೋಟಿ ದಂಡ. ಮೊದಲು ಬಂದು ಹೇಳಿದ ಪ್ಯಾನಸೋನಿಕ್‌ಗೆ ಪೂರ್ತಿ ಮಾಫಿ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಟಾರ್ಚ್ ಹಿಡಿದು ಹೊಲಕ್ಕೆ ನೀರು ಬಿಡಲು ಹೋಗುವ ರೈತರೇ ಈ ಸೆಲ್ಲುಗಳನ್ನು ಕೊಂಡವರು. ಇದನ್ನು ಹೇಳಿದರೆ “ಹಂಗಾರ ಕಳ್ಳರೊಳಗ ಒಬ್ಬಾಂವನ್ನ ಬಿಟ್ರ?” ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಳಗಿನವರು ಬಾಯಿ ಬಿಡದಿದ್ದರೆ ಇಂಥ ಒಪ್ಪಂದ ಹೊರಗೆ ಬರುವುದೇ ಅಪರೂಪ, ಅದಕ್ಕೇ ಈ ಮಾಫಿ ಅಂತ ನಾನು ಹೇಳಿದಾಗ ಹೆಚ್ಚಿನವರು ಒಪ್ಪುತ್ತಾರೆ. ಹೇಳುವವರು ಬೇಕು, ಅಷ್ಟೇ.

ಇನ್ನೊಂದು ವಿಷಯ. ಇದನ್ನು ನಮ್ಮ ಊರಿನವರಿಗೇ ಹೇಳುತ್ತಿದ್ದೇನೆ. ದೊಡ್ಡ ಕಂಪನಿ ಬೆಲೆ ನಿಗದಿ ಮಾಡಿದರೆ ಅನ್ಯಾಯ ಅನ್ನುವ ನಾವು, ನಮ್ಮದೇ ವ್ಯಾಪಾರಿ ಸಂಘ ದರಪಟ್ಟಿ ಅಚ್ಚು ಹಾಕಿಸಿ ಗೋಡೆಗೆ ಹಚ್ಚಿದರೆ ಒಗ್ಗಟ್ಟು ಅನ್ನುತ್ತೇವೆ. ಔಷಧ ವ್ಯಾಪಾರಿಗಳ ಸಂಘಗಳು ತಮ್ಮ ಒಪ್ಪಿಗೆ ಪತ್ರ ಇಲ್ಲದೆ ಹೊಸ ಸ್ಟಾಕಿಸ್ಟ್ ನೇಮಿಸಬಾರದು ಅಂತ ಹಿಡಿದ ಹಟಕ್ಕೆ ದೇಶದ ಹಲವು ಕಡೆ ದಂಡ ಬಿದ್ದಿದೆ. ಸಣ್ಣವರು ಬದುಕಲು ಒಂದಾಗುತ್ತಾರೆ ಅನ್ನುವುದು ನನಗೆ ಗೊತ್ತು, ನಾನೂ ಸಣ್ಣ ವ್ಯಾಪಾರಿಯೇ. ಸರ್ಕಾರಕ್ಕೆ ಮನವಿ ಕೊಡಲು, ಸಾಲ ಪಡೆಯಲು, ಕೂಡಿ ಮಾಲು ತರಿಸಲು ಸಂಘ ಇರಲಿ. ಗಿರಾಕಿ ಎಷ್ಟು ಕೊಡಬೇಕು ಅಂತ ಎಲ್ಲರೂ ಸೇರಿ ತೀರ್ಮಾನಿಸುವ ಹಕ್ಕು ನಮಗೂ ಇಲ್ಲ. ಇದನ್ನು ಒಪ್ಪಿಕೊಳ್ಳದೆ ಕಂಪನಿಗಳ ಮೇಲೆ ಕೈ ತೋರಿಸಿದರೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಕೊನೆ ಮುಟ್ಟಿದ ಕೇಸುಗಳೂ ಇವೆ, ಅವು ಜನರಿಗೆ ತಲುಪಿಲ್ಲ. ಗೋದಾಮಿನಲ್ಲಿ ಕಾಳಿಗೆ ಹುಳ ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ನಮ್ಮ ಎಪಿಎಂಸಿ ಹಮಾಲರಿಗೂ ಗೊತ್ತು. ಆಹಾರ ನಿಗಮ ಅದಕ್ಕೆ ಟೆಂಡರ್ ಕರೆದಾಗ ಕಂಪನಿಗಳು ಒಂದೇ ಬೆಲೆ ಬರೆದು ಕೊಟ್ಟಿದ್ದವು. ಅದು ಒಳ ಒಪ್ಪಂದವೇ ಎಂದು 2017ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ದಂಡವನ್ನು ಕಂಪನಿಯ ಪೂರ್ತಿ ವಹಿವಾಟಿನ ಮೇಲೆ ಲೆಕ್ಕ ಹಾಕಬಾರದು, ಆ ಗುಳಿಗೆಯ ವಹಿವಾಟಿನ ಮೇಲೆ ಮಾತ್ರ ಹಾಕಬೇಕು ಎಂದಿತು. ದಂಡ ಬಹಳ ಇಳಿಯಿತು. 2023ರ ತಿದ್ದುಪಡಿಯಲ್ಲಿ ಸಂಸತ್ತು ಕಂಪನಿಯ ಜಗತ್ತಿನಾದ್ಯಂತದ ವಹಿವಾಟನ್ನು ಲೆಕ್ಕಕ್ಕೆ ತಂದಿತು. ಒಂದು ಗುಳಿಗೆ ಮಾರಿ ಮೋಸ ಮಾಡಿದವರಿಗೆ ಎಷ್ಟು ದಂಡ ಸರಿ ಅನ್ನುವುದು ಕೋರ್ಟಿನಲ್ಲಿ, ಸಂಸತ್ತಿನಲ್ಲಿ ಇಷ್ಟು ಚರ್ಚೆಯಾಗಿದೆ. ನಮ್ಮ ಜನರನ್ನು ಯಾರೂ ಕೇಳಿಲ್ಲ. ಬ್ರಿಟನ್ನಿನಲ್ಲಿ ಕೇಳಿದ ಹಾಗೆ ಇಲ್ಲೂ ಕೇಳಿ. ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ. ಅಲ್ಲಿನ ಮಕ್ಕಳನ್ನು ಅಮರಗೋಳದ ಯಾರ್ಡಿಗೆ, ಬ್ಯಾಡಗಿಗೆ, ನಮ್ಮ ಗದಗಿನ ಸಂತೆಗೆ ಕಳಿಸಿ. ಯಾವ ತಪ್ಪಿಗೆ ಎಷ್ಟು ಶಿಕ್ಷೆ, ಹಣ ಯಾರಿಗೆ ಸೇರಬೇಕು ಅಂತ ಕನ್ನಡದಲ್ಲಿ ಕೇಳಲಿ. ನೀವು ಯೋಚಿಸಿರುವುದಕ್ಕಿಂತ ಖಚಿತವಾದ ಉತ್ತರ ಬರುತ್ತದೆ.

ಅದಕ್ಕೂ ಮುಂಚೆ ಮಾಡಬಹುದಾದ ಕೆಲಸ ಒಂದಿದೆ. ಅದಕ್ಕೆ ಕಾನೂನು ತಿದ್ದಬೇಕಾಗಿಲ್ಲ. ಕರ್ನಾಟಕದ ಜನ ಕೊಳ್ಳುವ ಮಾಲಿನ ಬಗ್ಗೆ ಆದೇಶ ಕೊಟ್ಟಾಗ ಅದರ ಒಂದು ಪುಟದ ಸಾರಾಂಶವನ್ನು ಕನ್ನಡದಲ್ಲಿ ಹೊರಡಿಸಿ. ಯಾರು ಏನು ಮಾಡಿದರು, ಎಷ್ಟು ದಂಡ, ಮೇಲ್ಮನವಿ ಎಲ್ಲಿದೆ, ಎಷ್ಟು ವಸೂಲಾಯಿತು. ಮೇಲ್ಮನವಿಯಲ್ಲಿ ಕಂಪನಿ ಗೆದ್ದರೆ ಅದನ್ನೂ ಬರೆಯಿರಿ. ತಪ್ಪು ನಡೆದು ಮೂರು ವರ್ಷದೊಳಗೆ ನಿಮಗೆ ಮಾಹಿತಿ ಕೊಡಬೇಕು ಅಂತ 2023ರ ತಿದ್ದುಪಡಿ ಹೇಳುತ್ತದೆ. ಮಾಹಿತಿ ಕೊಡುವುದು ಹೇಗೆ ಅಂತಲೂ ಅದೇ ಪುಟದ ಕೆಳಗೆ ಇರಲಿ. ಮೊದಲ ಪುಟ ಸಿಮೆಂಟ್ ಕೇಸಿನದಾಗಲಿ. ನನ್ನ ಅಂಗಡಿಯ ದರದ ಬೋರ್ಡಿನ ಪಕ್ಕದಲ್ಲೇ ಅದನ್ನು ಹಚ್ಚುತ್ತೇನೆ. ನನಗೆ ಮಾಲು ಕೊಡುವವರಿಗೆ ಬೇಸರವಾದರೂ ಹಚ್ಚುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗದಗ-ಬೆಟಗೇರಿಯ ಒಬ್ಬ ಹಾರ್ಡ್‌ವೇರ್ ವ್ಯಾಪಾರಿ